ವಿಭೂತಿಯ ಜೇಬು

ಆ ಚಾಕುವನ್ನು ನಾನು ಆರಿಸಿದ್ದು ಶಹಾಬಾದಿನ ಬಾಜಾರಿನಲ್ಲಿ. ನಮ್ಮೂರು ಚಿತ್ತಾಪುರದಲ್ಲಿ ಕೊಳ್ಳುವ ಧೈರ್ಯವಿರಲಿಲ್ಲ. ಅಲ್ಲಿ ನಾನು ಬೆಳಿಗ್ಗೆ ಮೆಣಸಿನಕಾಯಿ ಕೊಂಡರೆ ಅದರ ಖಾರ ಎಷ್ಟೆಂದು ಮಧ್ಯಾಹ್ನದೊಳಗೆ ಅವ್ವನಿಗೆ ಯಾರಾದರೂ ಹೇಳಿಬಿಡುತ್ತಿದ್ದರು. ೧೯೪೮ರ ಮಳೆಗಾಲ, ಇನ್ನೂ ನಿಜಾಮನ ಆಳ್ವಿಕೆ. ನಾನು ಶಹಾಬಾದಿನ ಒಂದು ಕಲ್ಲಿನ ವ್ಯಾಪಾರದಲ್ಲಿ ಗುಮಾಸ್ತನಾಗಿದ್ದೆ. ವಾರಕ್ಕೊಮ್ಮೆ ವಾಡಿಯಲ್ಲಿ ಗಾಡಿ ಬದಲಿಸಿ ಊರಿಗೆ ಬರುತ್ತಿದ್ದೆ. ಆ ವರ್ಷ ಗಾಡಿಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡುತ್ತಿರಲಿಲ್ಲ. ಒಂದೊಂದು ಸ್ಟೇಷನ್ನಿನಲ್ಲಿ ಲೂಟಿ, ಹೊಡೆದಾಟದ ಒಂದೊಂದು ಸುದ್ದಿ ಹತ್ತಿಕೊಳ್ಳುತ್ತಿತ್ತು. ನಾನು ಮೊದಲೇ ಪುಕ್ಕಲ, ಮೈಮೇಲೆ ಎಲುಬು ಬಿಟ್ಟರೆ ಏನೂ ಇಲ್ಲ.

ಚಾಕು ಮಾರುವ ಮುದುಕ ಗೋಣಿಚೀಲದ ಮೇಲೆ ಸರಕು ಹರವಿಕೊಂಡು ಕೂತಿದ್ದ. ಮೊದಲು ಮಡಚುವ ಚಾಕು ಕೈಗೆತ್ತಿಕೊಂಡೆ. ಅದನ್ನು ಉಗುರು ಹಾಕಿ ಬಿಚ್ಚಲು ಎರಡೂ ಕೈ ಬೇಕು, ನಾನು ಬಿಚ್ಚುವಷ್ಟರಲ್ಲಿ ಎದುರಿನವ ಕೆಲಸ ಮುಗಿಸಿರುತ್ತಾನೆ. ಇನ್ನೊಂದು ಗೇಣುದ್ದ ಇತ್ತು, ಅಂಗಿಯೊಳಗಿಟ್ಟರೆ ಕೂರಲು ಬರುವುದಿಲ್ಲ. ಕೊನೆಗೆ ಹಿಡಿದದ್ದು ಅಲಗು ನಾಲ್ಕೇ ಬೆರಳಿನ, ಮಡಚದ, ಕೊಂಬಿನ ಹಿಡಿಯ ಪುಟ್ಟ ಚಾಕು. ಅದಕ್ಕೊಂದು ತೊಗಲಿನ ಒರೆಯೂ ಇತ್ತು.

“ಯಾತಕ್ಕರಿ ಇದು?” ಅಂದ ಮುದುಕ.

“ಕಾಯಿಪಲ್ಲೆ ಹೆಚ್ಚಾಕ.”

“ಕಾಯಿಪಲ್ಲೆಗಿ ಒರಿ ಬೇಕಾಗಂಗಿಲ್ಲ ಬಿಡ್ರಿ,” ಅಂದು, ನಗದೆ, ಕಾಗದದಲ್ಲಿ ಸುತ್ತಿ ಕೊಟ್ಟ.

ಕೊಂಡೆ ಸರಿ, ಇಡುವುದೆಲ್ಲಿ? ಸೊಂಟಕ್ಕೆ ಸಿಕ್ಕಿಸಿದರೆ ಧೋತರ ಜಾರುತ್ತದೆ. ಅಂಗಿಯೊಳಗೆ ತೊಡುವ ತೋಳಿಲ್ಲದ ಬಂಡಿಗೆ, ಎಡಗಂಕುಳ ಕೆಳಗೆ, ಒಳಜೇಬು ಹೊಲಿಸುವುದೆಂದು ತೀರ್ಮಾನಿಸಿದೆ. ಹೊಲಿಯುವವನು ನನ್ನ ಜೀವದ ಗೆಳೆಯ. ಮುಸಲ್ಮಾನರ ಹುಡುಗ. ನಾವಿಬ್ಬರೂ ಒಂದೇ ಓಣಿಯಲ್ಲಿ ಆಡಿ ಬೆಳೆದವರು. ನನ್ನವ್ವನನ್ನು ಅವನೂ ಅವ್ವಾ ಎಂದೇ ಕರೆಯುತ್ತಿದ್ದ. ಅವನಿಗೆ ಚಾಕುವೆಂದು ಹೇಗೆ ಹೇಳಲಿ? ನಾನು ಲಿಂಗ ಕಟ್ಟಿದವನು. ವಿಭೂತಿಗಟ್ಟಿ ಇಡಲಿಕ್ಕೆ ಅಂದುಬಿಟ್ಟೆ.

“ಇಬತ್ತಿಗಿ ಇಷ್ಟು ಉದ್ದ ಯಾಕೋ?”

“ಮಠದ ಗಟ್ಟಿ ದೊಡ್ಡವಿರ್ತಾವ.”

ಅವನು ಎದ್ದು ಹೋಗಿ ಕೈ ತೊಳೆದುಕೊಂಡು ಬಂದ. ದೇವರ ವಸ್ತು ಇಡುವ ಜೇಬು, ಮಿಷನ್ನಿನ ಎಣ್ಣೆಗೈಯಲ್ಲಿ ಮುಟ್ಟಬಾರದೆಂದು. ಬೂದಿ ಉದುರದಿರಲೆಂದು ಒಳಗೆ ಎರಡು ಪದರ ಮೆತ್ತನೆಯ ಬಟ್ಟೆ ಕೊಟ್ಟು ಹೊಲಿದ. ಅವತ್ತೇ ನನಗೆ ನಾಚಿಕೆಯಾಗಬೇಕಿತ್ತು. ಜೇಬು ಸರಿಯಾಗಿ ಕೂತಿತೆಂದು ಖುಷಿಯಾಯಿತು.

ಸೆಪ್ಟೆಂಬರಿನಲ್ಲಿ ಹಿಂದೂಸ್ತಾನದ ದಂಡು ಬಂತು, ನಿಜಾಮ ಸರಕಾರ ಹೋಯಿತು. ಈಗ ಹೆದರುವ ಸರದಿ ಅವನ ಮನೆಯವರದು. ಅವರ ಬಂಧುಗಳೆಲ್ಲ ಗಂಟು ಕಟ್ಟಿಕೊಂಡು ಹೈದರಾಬಾದಿಗೆ ಹೋದರು. ಅವನ ತಾಯಿ ಅಮ್ಮಿಗೆ ಜ್ವರ. ಅಲುಗಾಡಿಸಿದರೆ ಉಳಿಯುವುದಿಲ್ಲ ಎಂದು ಹಕೀಮರು ಹೇಳಿದ್ದರು. ಅವ್ವ ನನ್ನ ಕೈಯಲ್ಲಿ ಹೇಳಿ ಕಳಿಸಿದಳು: “ಅಕೀನ್ನ ನಮ್ಮನಿಗಿ ಕರ್ಕೊಂಡು ಬಾ ಅನ್ನು. ಗದ್ದಲ ತಣ್ಣಗಾಗೋತನಕ ಇಲ್ಲೇ ಇರಲಿ.” ದಸರಾ ಮುಗಿದ ಮರುದಿನ ಬರುವುದೆಂದು ಗೊತ್ತಾಯಿತು. ಅವ್ವ ಪಡಸಾಲೆಯಲ್ಲಿ ಮಂಚ ಹಾಕಿ ಕೌದಿ ಹಾಸಿದಳು. ನಮ್ಮದು ಮಡಿ ಅಡಿಗೆಯ ಮನೆ, ಅವರಿಗೆ ತಮ್ಮ ರೂಢಿಯ ಊಟ ಬೇಕಾದೀತೆಂದು ಓಣಿಗೆ ಕಾಣುವ ಹಿತ್ತಲಲ್ಲಿ ಮಣ್ಣು ಕಲಸಿ ಒಂದು ಹೊಸ ಒಲೆ ಹಾಕಿದಳು.

ನವಮಿಯ ದಿನ ಮನೆಯ ಕಬ್ಬಿಣಕ್ಕೆಲ್ಲ ಪೂಜೆ. ಅವ್ವ ಈಳಿಗೆ, ಕುಡಗೋಲಿಗೆ ಕುಂಕುಮವಿಟ್ಟಳು. ನಾನು ಕದ್ದು ನನ್ನ ಚಾಕುವಿಗೂ ಒಂದು ಬೊಟ್ಟು ಇಟ್ಟೆ, ಮತ್ತೆ ಜೇಬಿಗೆ ಸೇರಿಸಿದೆ. ಆಗ ನನಗೆ ಯಾರ ಭಯವೂ ಇರಲಿಲ್ಲ. ರೂಢಿಯಾಗಿತ್ತು, ಅಷ್ಟೇ.

ಮರುದಿನ ಸಂಜೆ ಬನ್ನಿ ಕೊಡಲು ಅವನು ಬಂದ. ನಮ್ಮ ಕಡೆ ಬನ್ನಿ ಎಲೆ ಕೊಟ್ಟು ಎದೆಗೆ ಎದೆ ಹಚ್ಚುವುದಕ್ಕೆ ಜಾತಿ ನೋಡುವುದಿಲ್ಲ. ವರ್ಷವೂ ಅವನೇ ಮೊದಲು ಬರುತ್ತಿದ್ದ. ಈ ಸಲ ಓಣಿಯ ಗೋಡೆ ಹಿಡಿದುಕೊಂಡು, ಹಿಂದೆ ಮುಂದೆ ನೋಡುತ್ತ ಬಂದ.

“ಬಂಗಾರ ತಗೋ ದೋಸ್ತ,” ಅಂದು ಎಲೆ ಕೈಗಿಟ್ಟು ತಬ್ಬಿಕೊಂಡ.

ತಬ್ಬಿದವನ ಕೈ ನನ್ನ ಎಡಗಂಕುಳ ಕೆಳಗೆ ನಿಂತಿತು. ತಾನೇ ಹೊಲಿದ ಜೇಬು, ಅವನ ಬೆರಳಿಗೆ ಗೊತ್ತಾಗದಿರುತ್ತದೆಯೇ? ಒರೆಯ ಅಂಚು, ಹಿಡಿ, ಎಲ್ಲ ಗೊತ್ತಾಯಿತು. ಮೆಲ್ಲಗೆ ಬಿಡಿಸಿಕೊಂಡು ಹಿಂದೆ ಸರಿದ. ದರ್ಜಿಗಳು ಮಾಡುವಂತೆ ನನ್ನ ಅಂಗಿಯ ಹೆಗಲು ಜಗ್ಗಿ ಸರಿಮಾಡಿದ.

“ಜೇಬು ಸರಿ ಕುಂತದೇನು?”

“ಕುಂತದ,” ಅಂದೆ.

“ಚಲೋ ಆತು.”

ಅವ್ವ ಒಳಗಿಂದ ಬಂದು, “ನಾಳಿ ಎಷ್ಟೊತ್ತಿಗಿ ಬರ್ತೀರಪ್ಪಾ? ಅಮ್ಮಿಗಿ ಮಂಚ ಹಾಕೀನಿ,” ಅಂದಳು.

“ನೋಡ್ತೀನಿ ಅವ್ವಾ,” ಅಂದ. ಅವಳ ಕಾಲು ಮುಟ್ಟಿ ಹೋದ.

ನಾನು ಓಣಿಗೆ ಓಡಿ, ಇದು ನಿನಗಲ್ಲವೋ, ಹಿಂದೆ ಯಾವಾಗಲೋ ಕೊಂಡದ್ದು ಎಂದು ಹೇಳಬಹುದಿತ್ತು. ಅದೂ ಅರ್ಧ ಸುಳ್ಳೇ. ಕೊಂಡಾಗ ನಾನು ಹೆದರಿದ್ದು ಗಾಡಿಯಲ್ಲಿ ಅವನ ಹಾಗೆ ಟೊಪ್ಪಿಗೆ ಹಾಕಿ ಕೂತವರಿಗೇ. ಅದು ನೆನಪಾಗಿ ಹೊಸ್ತಿಲಲ್ಲೇ ಉಳಿದೆ.

ಬೆಳಿಗ್ಗೆ ಅವರ ಬಾಗಿಲಿಗೆ ಬೀಗ. ಸೋಮವಾರ ವಾಡಿಯಲ್ಲಿ ಗಾಡಿ ಬದಲಿಸುವಾಗ ಪರಿಚಯದ ಹಮಾಲಿಯನ್ನು ಅವನ ಬಗ್ಗೆ ಕೇಳಿದೆ.

“ಹೌದ್ರಿ, ಹೊಲಿಗಿ ಮಿಷನ್ನು ಗೋಣ್ಯಾಗ ಕಟ್ಟಿದ್ದ. ತಾಯೀನ್ನ ಚಕ್ಕಡ್ಯಾಗ ತಂದಿದ್ದ. ಗಾಡಿ ಬರೋದ್ರಾಗ ಆ ಮುದುಕಿ ಇಲ್ಲೇ ತೀರ್ಕೊಂಡ್ಳು. ಮಣ್ಣು ಮಾಡಿ ಒಬ್ಬವನೇ ಹೋದ.” ಎಲ್ಲಿಗೆಂದು ಅವನಿಗೂ ಗೊತ್ತಿರಲಿಲ್ಲ. ನಾನು ಆಮೇಲೆ ಹೈದರಾಬಾದಿನಲ್ಲಿ ಎಷ್ಟೋ ದರ್ಜಿ ಅಂಗಡಿಗಳ ಮುಂದೆ ನಿಂತು ನೋಡಿದೆ. ಅವನು ಸಿಗಲಿಲ್ಲ.

ಅಮ್ಮಿ ತೀರಿದ ಸುದ್ದಿ ಅವ್ವನಿಗೆ ಹೇಳಿದೆ. ಕಾರಣ ಹೇಳಲಿಲ್ಲ. ಅವಳು ಎರಡು ದಿನ ಊಟ ಬಿಟ್ಟಳು. ಮೂರನೆಯ ದಿನ ಹಿತ್ತಲಿಗೆ ಹೋಗಿ, ಒಂದು ಸಲವೂ ಹೊತ್ತದ ಆ ಒಲೆಯನ್ನು ಕೈಯಿಂದಲೇ ಕೆಡವಿದಳು.

“ಬ್ಯಾರೆ ಒಲಿ ಹಾಕಬಾರದಿತ್ತೋ,” ಅಂದಳು. “ನಮ್ಮನ್ನ ದೂರ ಇಟ್ರು ಅಂತ ಅವರ ಮನಸಿಗಿ ಹತ್ತಿರಬೇಕು. ನನ್ನ ಒಲಿ ನೋಡೇ ಹೋದ ಅವ.”

ನಾನು ಆ ಮಣ್ಣನ್ನು ಬುಟ್ಟಿಗೆ ತುಂಬಿ ತಿಪ್ಪೆಗೆ ಹಾಕಿ ಬಂದೆ. ನಮ್ಮ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅವ್ವ ಹಾಸಿಗೆ ಹಿಡಿದಳು. ಅಷ್ಟೊತ್ತಿಗೆ ಆ ಚಾಕು ನಮ್ಮ ಅಡಿಗೆಮನೆಯಲ್ಲಿತ್ತು, ನನ್ನ ಹೆಂಡತಿ ಅದರಲ್ಲೇ ಉಳ್ಳಾಗಡ್ಡಿ ಹೆಚ್ಚುತ್ತಿದ್ದಳು. ಕಡೆಯ ದಿನಗಳಲ್ಲಿ ಅವ್ವನಿಗೆ ಬಂದ ಮಂದಿಯ ಗುರುತು ಹತ್ತುತ್ತಿರಲಿಲ್ಲ, ಆ ಒಲೆ ಮಾತ್ರ ನೆನಪಿತ್ತು. “ಒಲಿ ಒಂದು ಹಾಕಬಾರದಿತ್ತು ನೋಡು,” ಎಂದು ನನ್ನ ಕೈ ಹಿಡಿದು ಹೇಳುತ್ತಿದ್ದಳು. ಒಲೆಯಿಂದಲ್ಲವ್ವಾ ಎನ್ನಲು ನನಗೆ ಎಂಟು ವರ್ಷ ಸಾಲಲಿಲ್ಲ. ಆ ತಪ್ಪು ತನ್ನದೇ ಎಂದುಕೊಂಡು ಅವಳು ಹೋದಳು.