ಅಜ್ಜ ಅಧ್ಯಕ್ಷನನ್ನು ಬಯ್ದದ್ದು

ಸೀಮೆಎಣ್ಣೆಯ ವಾಸನೆ ಬಂದರೆ ನಿಮಗೆಲ್ಲ ಒಲೆಯೋ ಲಾಟೀನೋ ನೆನಪಾಗಬಹುದು, ನನಗೆ ಮಾತ್ರ ಅಜ್ಜನ ಛಾಪಖಾನೆ. ಜಗುಲಿಯ ಪಕ್ಕದ ಕೋಣೆಯಲ್ಲಿ ಅಚ್ಚುಮೊಳೆ ತೊಳೆದ ದಿನ ಊಟದ ಅಪ್ಪೆಹುಳಿಗೂ ಅದೇ ವಾಸನೆ, ತಲೆದಿಂಬಿಗೂ ಅದೇ. ಬ್ರಿಟಿಷರ ಕಾಲದಿಂದ ಅಜ್ಜ ಅಲ್ಲಿ ವಾರಪತ್ರಿಕೆ ನಡೆಸುತ್ತಿದ್ದ. ವಾರಕ್ಕೊಮ್ಮೆ ಸರ್ಕಾರವನ್ನು ಬಯ್ಯದಿದ್ದರೆ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಬಯ್ದು ಬಯ್ದು ಜೈಲಿಗೂ ಹೋಗಿ ಬಂದ. ಅವನು ಒಳಗಿದ್ದಾಗ ನೆಂಟರು ಹೆದರಿ ಅಜ್ಜಿಯನ್ನು ಮದುವೆ ಮುಂಜಿಗೂ ಕರೆಯಲಿಲ್ಲವಂತೆ. ಅದನ್ನು ಅವಳು ಮರೆತವಳಲ್ಲ.

ನಮ್ಮ ಸೀಮೆ ಮುಂಬಯಿ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಅಜ್ಜ ಚುನಾವಣೆಗೆ ನಿಂತ, ಗೆದ್ದ, ನಮ್ಮ ಪೇಟೆಯ ಪುರಸಭೆಗೆ ಅಧ್ಯಕ್ಷನೂ ಆದ. ಅಯ್ಯೋ, ಅಜ್ಜಿಯ ಸಂಭ್ರಮ ನೋಡಬೇಕಿತ್ತು! ಸಿದ್ದಾಪುರದಿಂದ, ಯಲ್ಲಾಪುರದಿಂದ ಅದೇ ನೆಂಟರು ಬಸ್ಸಿಳಿದು ಕರೆಯಲು ಬಂದರು. ಶಿರಸಿಯ ಮದುವೆಯೊಂದರಲ್ಲಿ ಅವಳನ್ನು ಕೈಹಿಡಿದು ಮುಂದಿನ ಚಾಪೆಯಲ್ಲಿ ಕೂರಿಸಿದರು. ಗಂಡನ ಅಧ್ಯಕ್ಷ ಕುರ್ಚಿಯೊಂದು ಉಳಿಯಲಿ ಎಂದು ಅವಳು ಕಂಡ ದೇವರಿಗೆಲ್ಲ ಹರಕೆ ಹೊತ್ತಳು.

ಆದರೆ ಅಜ್ಜನ ಕೈ ಕೇಳಬೇಕಲ್ಲ! ವಾರ ಬಂತು, ಬಯ್ಯಲು ಸರ್ಕಾರ ಬೇಕು, ಪೇಟೆಯ ಮಟ್ಟಿಗೆ ಸರ್ಕಾರವೆಂದರೆ ಈಗ ಅವನೇ. ಬರೆದೇಬಿಟ್ಟ: ಕೆರೆಬೀದಿಗೆ ಇನ್ನೂ ನಲ್ಲಿ ಬಂದಿಲ್ಲ, ಅಧ್ಯಕ್ಷರು ಹಾರ ಹಾಕಿಸಿಕೊಳ್ಳುವುದರಲ್ಲೇ ಮಗ್ನರು, ಮಾನವಿದ್ದರೆ ಕೆಳಗಿಳಿಯಲಿ. ಮರುವಾರ ಅಧ್ಯಕ್ಷನಾಗಿ ಅದಕ್ಕೊಂದು ಖಾರವಾದ ಉತ್ತರ ಬರೆದು ಅಚ್ಚು ಹಾಕಿದ. ಅದರ ಕೆಳಗೆ, ‘ಉತ್ತರ ತೃಪ್ತಿಕರವಾಗಿಲ್ಲ. ಸಂಪಾದಕ’.

ವಿರೋಧಿಗಳಿಗೆ ಇನ್ನೇನು ಬೇಕು? ಅವಿಶ್ವಾಸ ನಿರ್ಣಯ ತಂದರು. ಸಭೆಯ ದಿನ ಊರೇ ಕಿಟಕಿಗಳಿಗೆ ಜೋತುಬಿದ್ದಿತ್ತು, ನಾನೂ ಸೇರಿ. ವಿರೋಧಿಗಳ ಪೈಕಿ ಬನವಾಸಿ ಕಡೆಯ ಬಟ್ಟೆ ವ್ಯಾಪಾರಿ ಚನ್ನಪ್ಪ ಎದ್ದು, “ನಂದೇನ್ ಮಾತಿಲ್ರಿ. ಅಧ್ಯಕ್ಷರು ಬರದದ್ದನ್ನ ಓದ್ತೀನಿ, ಕೇಳ್ರಿ” ಎಂದು ಪತ್ರಿಕೆ ಬಿಡಿಸಿದ. ಅಜ್ಜ ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದ. ಮತಕ್ಕೆ ಹಾಕಿದರೆ ಎರಡೂ ಕಡೆ ಸಮ, ಅಧ್ಯಕ್ಷರ ಮತವೊಂದೇ ಬಾಕಿ. ಅಜ್ಜ ನಿರ್ಣಯದ ಪರವಾಗಿ ಕೈ ಎತ್ತಿದ! ಚನ್ನಪ್ಪನೇ ಗಾಬರಿಯಾಗಿ, “ಹಿರ್ಯಾರ, ಕೈ ಇಳಸ್ರಿ, ಏನ್ ಮಾಡಾಕತ್ತೀರಿ?” ಎಂದ.

“ಬರದವ ನಾನೇ. ಈಗ ಅದು ಸುಳ್ಳು ಅಂತ ಹೇಗೆ ಹೇಳೂದು?” ಎಂದ ಅಜ್ಜ.

ಸಂಜೆ ಕುರ್ಚಿ ಕಳೆದುಕೊಂಡು ಮನೆಗೆ ಬಂದವನಿಗೆ ಅಜ್ಜಿ ಕಾಲಿಗೆ ನೀರು ಕೊಡಲಿಲ್ಲ.

“ಕೈ ಎತ್ತೂ ಮುಂಚೆ ಯಂಗೊಂದು ಮಾತು ಹೇಳಲಾಗ್ತಿತ್ತಿಲ್ಯ?” ಎಂದಳು.

“ಪೇಪರಲ್ಲೇ ಬಂದಿತ್ತಲೇ ಮಾರಾಯ್ತಿ. ಓದಿದ್ದಿಲ್ಯ?”

“ಇಷ್ಟು ವರ್ಷ ಅದೇ ಪೇಪರು ಮಡಚಿ ಮಡಚಿ ಕೊಟ್ಟೆ. ಓದಲೆ ಯಂಗೆ ಯಾವತ್ತು ಕಲ್ಸಿದ್ರಿ?”

ಬ್ರಿಟಿಷರಿಗೆ ಎದುರಾಡಿದ ಅಜ್ಜ ಮರುದಿನ ಸ್ಲೇಟು ಹಿಡಿದುಕೊಂಡು ಅಡಿಗೆಮನೆಗೆ ಹೋದನಂತೆ. “ಈಗೆಂತಕ್ಕೆ?” ಎಂದು ಅವಳು ಒಲೆಯ ಕಡೆ ತಿರುಗಿದಳಂತೆ. ಅಜ್ಜನ ಕತೆ ಹೇಳುವಾಗ ಇವತ್ತಿಗೂ ನಗು ತಡೆಯಲಾಗುವುದಿಲ್ಲ, ಅವಳ ಮುಖ ಕಣ್ಣಿಗೆ ಬಂದರೆ ಆ ನಗು ಅಲ್ಲಿಗೇ ನಿಲ್ಲುತ್ತದೆ. ಅರವತ್ತರ ದಶಕ ಮುಗಿಯುವ ಮುನ್ನ ಅಜ್ಜಿ ಹೋದಳು. ಆ ವಾರ ಅಜ್ಜ ಸರ್ಕಾರವನ್ನು ಬಯ್ಯಲಿಲ್ಲ, ಮುಖಪುಟದ ತುಂಬ ಅವಳ ಬಗ್ಗೆಯೇ ಬರೆದ. ಊರೆಲ್ಲ ಓದಿತು.