ಮೂರು ಗಂಟೆಯವರೆಗೆ ಚಾ

ಈಗ ನಾನಿರುವುದು ಅಬುಧಾಬಿಯಲ್ಲಿ, ಟೂರಿಸ್ಟ್ ಕ್ಲಬ್ ಏರಿಯಾದ ಹನ್ನೊಂದನೆಯ ಮಹಡಿಯಲ್ಲಿ. ಬೇಸಿಗೆಯಲ್ಲಿ ಮಧ್ಯಾಹ್ನ ಹನ್ನೆರಡೂವರೆ ಆಯಿತೆಂದರೆ ಸಾಕು, ಸುಲೈಮಾನಿಗೆ ನೀರಿಡುತ್ತೇನೆ. ಹಾಲಿಲ್ಲದ ಚಾ, ಅದಕ್ಕೆರಡು ಹನಿ ಲಿಂಬೆ. "ಡ್ಯಾಡ್, ಇಟ್ಸ್ ಸೋ ಹಾಟ್!" ಎಂದು ಮಗಳು ಗದರುತ್ತಾಳೆ. ಪಾಪ, ಅವಳಿಗೆ ದುಬೈಯ ರಾಸ್ ಅಲ್ ಖೋರಿನ ಗ್ಯಾರೇಜು ಗೊತ್ತಿಲ್ಲ.

ಆಗ ನಾನಲ್ಲಿ ಗುಮಾಸ್ತ. ಬಿಲ್ಲು, ವೀಸಾ ಕಾಗದ, ಚಾ ಎಲ್ಲವೂ ನನ್ನ ಪಾಲಿಗೆ. ಟಿಂಕರಿಂಗ್ ಕೆಲಸಕ್ಕೆ ಉಳ್ಳಾಲದ ಕಡೆಯ ಬ್ಯಾರಿ ಕಾಕ ಒಬ್ಬರಿದ್ದರು. ಎಲ್ಲೋ ಗುದ್ದಿಸಿಕೊಂಡು ಬಂದ ಕಾರಿನ ಬಾಗಿಲನ್ನು ತಟ್ಟಿ ತಟ್ಟಿ ಹೊಸದು ಮಾಡಿಬಿಡುತ್ತಿದ್ದರು. ಕರಾಮದ ಹೋಟೆಲಿನಿಂದ ನಾನು ಕಟ್ಟಿಸಿಕೊಂಡು ಬರುತ್ತಿದ್ದ ನೀರುದೋಸೆಯಲ್ಲಿ ಅರ್ಧ ಅವರಿಗೆ, ಅವರ ಮೀನುಸಾರಿನಲ್ಲಿ ಅರ್ಧ ನನಗೆ. ಆ ರುಚಿಯನ್ನು ಈಗಲೂ ಹುಡುಕುತ್ತೇನೆ, ಸಿಗುವುದಿಲ್ಲ.

ಬೇಸಿಗೆಯಲ್ಲಿ ಹನ್ನೆರಡೂವರೆಯಿಂದ ಮೂರರವರೆಗೆ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂದು ಸರಕಾರದ ಕಾನೂನು. ನಮ್ಮ ಕೆಲಸವೆಲ್ಲ ಅಂಗಳದಲ್ಲಿ. ಆ ಹೊತ್ತಿಗೆ ಕಾಕ ನೀರಿನ ಟ್ಯಾಂಕಿನ ಕೆಳಗೆ ರಟ್ಟು ಹಾಸಿ ಗೊರಕೆ ಹೊಡೆಯುತ್ತಿದ್ದರು. ಫೋರ್‌ಮನ್‌ಗೆ ಅದನ್ನು ಕಂಡರೆ ಹೊಟ್ಟೆಯುರಿ. ಆ ಕಾನೂನಿನ ನೋಟೀಸನ್ನು ಪೂರ್ತಿ ಓದಿದ ಬುದ್ಧಿವಂತ ನಾನೊಬ್ಬನೇ. ಇದರಲ್ಲಿರುವುದು ಬಿಸಿಲಿನ ಮಾತು ಮಾತ್ರ, ತಗಡಿನ ಶೆಡ್ಡಿನೊಳಗೆ ಮಾಡಿಸಿದರೆ ಯಾರೂ ಕೇಳುವ ಹಾಗಿಲ್ಲ ಎಂದು ಅವನ ಕಿವಿಯಲ್ಲಿ ಊದಿದೆ. ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವನು ನಾನು! ಶಹಬ್ಬಾಸ್ ಅನ್ನಿಸಿಕೊಳ್ಳುವ ಚಪಲ, ಬೇರೇನೂ ಅಲ್ಲ.

ಮರುದಿನದಿಂದ ಮಧ್ಯಾಹ್ನದ ಕೆಲಸ ಶೆಡ್ಡಿನೊಳಗೆ. ಅಂಗಳದಲ್ಲಾದರೂ ಗಾಳಿಯಿತ್ತು. ಅಲ್ಲಿ ಅದೂ ಇಲ್ಲ. ನಾನು ಆಫೀಸಿನ ಎಸಿಯಲ್ಲಿ ಕೂತು ಸುತ್ತಿಗೆಯ ಸದ್ದು ಕೇಳುತ್ತಿದ್ದೆ. ಮೂರನೆಯ ದಿನ ಸದ್ದು ನಿಂತಿತು. ಓಡಿ ಹೋಗಿ ನೋಡಿದರೆ ಕಾಕ ನೆಲದ ಮೇಲೆ ಕುಳಿತುಬಿಟ್ಟಿದ್ದರು, ಮುಖ ಬಿಳಿಚಿತ್ತು. ಫೋರ್‌ಮನ್ "ಯಲ್ಲಾ, ಯಲ್ಲಾ" ಎಂದು ಅವಸರಿಸುತ್ತಿದ್ದ. ಅಷ್ಟರಲ್ಲಿ ತಪಾಸಣೆಗೆ ಕಾರ್ಮಿಕ ಇಲಾಖೆಯ ಇನ್‌ಸ್ಪೆಕ್ಟರು ಬಂದರು, ಹಿಂದಿ ಬಲ್ಲ ಅರಬ.

ಅಂಗಳ ನೋಡಿದರು, ಖಾಲಿ. ಶೆಡ್ಡಿನೊಳಗೆ ಇಣುಕಿದರು, ಕಾಕನನ್ನೂ ನೋಡಿದರು.

"ಸಾಬ್, ಇದನ್ನೂ ಬರೆಯಿರಿ" ಎಂದೆ.

"ನನ್ನ ಕಾಗದದಲ್ಲಿರುವುದು ಬಿಸಿಲು ಮಾತ್ರ. ಸೂರಿನ ಕೆಳಗೆ ನಾನು ಬರೆಯುವ ಹಾಗಿಲ್ಲ" ಎಂದರು.

ನಾನು ಫೋರ್‌ಮನ್‌ಗೆ ಹೇಳಿಕೊಟ್ಟ ಮಾತೇ ಅದು. ನಾಚಿಕೆಯಿಂದ ಕಣ್ಣಲ್ಲಿ ನೀರು ಬಂತು.

ಆದರೆ ಅವರು ಹೋಗಲಿಲ್ಲ. ಶೆಡ್ಡಿನ ಬಾಗಿಲಿಗೇ ಕುರ್ಚಿ ಹಾಕಿಸಿಕೊಂಡು, ಫೈಲು ಬಿಚ್ಚಿ ತೊಡೆಯ ಮೇಲಿಟ್ಟು, ಚಾ ಕೇಳಿದರು. ಫೈಲು ಬಿಚ್ಚಿ ಕೂತ ಸರಕಾರದ ಎದುರಿಗೆ ಸುತ್ತಿಗೆ ಎತ್ತಿಸುವ ಧೈರ್ಯ ಫೋರ್‌ಮನ್‌ಗೆಲ್ಲಿ? ನನಗೆ ಆಗ ಹೊಳೆಯಿತು. ಒಲೆಯ ಉರಿ ಸಣ್ಣ ಮಾಡಿದೆ. ಮೊದಲ ಲೋಟಕ್ಕೇ ಅರ್ಧ ಗಂಟೆ ಹಿಡಿಯಿತು. ಎರಡನೆಯದನ್ನು ಕಾಕನಿಗೆ ಕೊಟ್ಟು ಆಫೀಸಿನ ತಂಪಿನಲ್ಲಿ ಮಲಗಿಸು ಎಂದರು. ಮೂರನೆಯದನ್ನು ಗುಟುಕು ಗುಟುಕಾಗಿ ತಾವು ಕುಡಿದರು. ಮೂರು ಗಂಟೆಗೆ ಎದ್ದು, "ಚಾ ಚೆನ್ನಾಗಿಲ್ಲ. ನಾಳೆ ಸುಧಾರಿಸಿದೆಯಾ ಅಂತ ನೋಡಬೇಕು" ಎಂದರು. ನಾಳೆಯೂ ಬಂದರು, ನಾಡಿದ್ದೂ ಬಂದರು. ನಾಲ್ಕನೆಯ ದಿನ ಹನ್ನೆರಡೂವರೆಗೆ ಫೋರ್‌ಮನ್ನೇ "ಖಲಾಸ್" ಎಂದು ಕೈಚೆಲ್ಲಿದ. ಕಾಕ ಮತ್ತೆ ಟ್ಯಾಂಕಿನ ಕೆಳಗೆ ರಟ್ಟು ಹಾಸಿದರು.

ಅಲ್ಲಿಂದ ಎಂಟು ಬೇಸಿಗೆ, ಆ ಹೊತ್ತಿಗೆ ಕಾಕನಿಗೆ ನನ್ನ ಕೈಯ ಚಾ. ಪ್ರತಿ ಸಲ ಹೇಳಿಬಿಡಬೇಕು ಎನ್ನಿಸುತ್ತಿತ್ತು, ಬದಲಿಗೆ ಇನ್ನೊಂದು ಲೋಟ ಬಗ್ಗಿಸಿ ಕೊಡುತ್ತಿದ್ದೆ. ಅವರು ಕೆಲಸ ಬಿಟ್ಟು ಊರಿಗೆ ಹೊರಟ ದಿನ, ಏರ್‌ಪೋರ್ಟಿನ ಬಾಗಿಲಲ್ಲಿ ಕೊನೆಗೂ ಹೇಳಿದೆ. "ಕಾಕ, ಆ ಶೆಡ್ಡಿನ ಬುದ್ಧಿ ಹೇಳಿಕೊಟ್ಟದ್ದು ನಾನು."

"ಗೊತ್ತುಂಟು ಮಾರಾಯಾ. ಶೆಡ್ಡಿಗೆ ಹಾಕಿದ ದಿನವೇ ಫೋರ್‌ಮನ್ ಹೇಳಿದ್ದ" ಎಂದು ನಕ್ಕು, ಟ್ರಾಲಿ ತಳ್ಳಿಕೊಂಡು ಒಳಗೆ ಹೋದರು.

ಗೊತ್ತಿದ್ದೂ ಎಂಟು ಬೇಸಿಗೆ ನನ್ನ ಚಾ ಕುಡಿದಿದ್ದರು.