ನಾಲ್ಕು ಮೊಳ ದಾರ ಹಿಡಿದು ಬನಿಯಾಸಿಗೆ

ಶನಿವಾರ ಬೆಳಿಗ್ಗೆ ಹತ್ತೂವರೆಗೆ ದುಬೈಯ ಅಲ್ ನಹ್ದಾದ ಮನೆಯಿಂದ ಹೊರಟಾಗ ನನ್ನ ಚೀಲದಲ್ಲಿ ಇದ್ದದ್ದು ಮೂರೇ ವಸ್ತು: ಒಂದು ಬಾಟಲಿ ನೀರು, ಒಂದು ಡಬ್ಬಿ ಚಕ್ಕುಲಿ, ತುದಿಗೆ ತುದಿ ಗಂಟು ಹಾಕಿದ ನಾಲ್ಕು ಮೊಳ ನೈಲಾನ್ ದಾರ. ಅಬುಧಾಬಿಗೆ ಜನ ಮಸೀದಿ ನೋಡಲು ಹೋಗುತ್ತಾರೆ, ಮಾಲ್ ನೋಡಲು ಹೋಗುತ್ತಾರೆ. ನಾನು ಹೋದದ್ದು ಒಂದು ಸಿಕ್ಕು ಬಿಡಿಸಲು. ನಗುವವರು ಈಗಲೇ ನಕ್ಕುಬಿಡಿ.

ನನ್ನ ಅಮ್ಮ ಹೂ ಕಟ್ಟಿ ಉಳಿದ ದಾರವನ್ನು ಬೆರಳಿಗೆ ಸುತ್ತಿ ಚಿತ್ರ ಮಾಡುತ್ತಿದ್ದಳು. ತೊಟ್ಟಿಲು, ಗರಗಸ, ಎಲ್ಲಕ್ಕಿಂತ ಕೊನೆಗೆ ದೋಣಿ. ಆ ದೋಣಿ ಅಮ್ಮನ ಬಲಗೈಯಿಂದ ಎಡಗೈಗೆ ಜಾರಿಕೊಂಡು ಹೋಗುತ್ತಿತ್ತು. ಕಲಿಸು ಎಂದು ನಾನು ಕೇಳಿದ್ದು ನಲವತ್ತೈದು ದಾಟಿದ ಮೇಲೆ, ಅದೂ ದುಬೈಯಲ್ಲಿ ಕೂತು, ಫೋನಿನಲ್ಲಿ. ಉಡುಪಿಯಲ್ಲಿ ಅಕ್ಕನ ಮಗಳು ದೀಕ್ಷಾ ಎದುರಿಗೆ ಕೂತು ಅಮ್ಮನ ಕೈಯ ವೀಡಿಯೋ ತೆಗೆದು ಕಳುಹಿಸಿದಳು. ದೋಣಿ ಮೂಡುತ್ತದೆ, ಹೊರಡಬೇಕು ಎನ್ನುವಾಗ ವೀಡಿಯೋ ಮುಗಿಯುತ್ತದೆ. ಎರಡು ತಿಂಗಳಿಗೆ ಅಮ್ಮ ಹೋದಳು. ಪೂರ್ತಿ ತೆಗೆಯಲಿಕ್ಕೆ ಏನಾಗಿತ್ತು ಇವಳಿಗೆ ಎಂದು ದೀಕ್ಷಾಳನ್ನು ಮನಸ್ಸಿನಲ್ಲೇ ಬೈದುಕೊಂಡು ಒಂದು ವರ್ಷ ಕಳೆದೆ.

ವೀಡಿಯೋ ನೋಡಿ ಎಷ್ಟು ಸಲ ಮಾಡಿದರೂ ನನ್ನ ಕೈಯಲ್ಲಿ ದೋಣಿಯೇ ಆಗುತ್ತಿರಲಿಲ್ಲ, ನಡುವೆ ಗಂಟು ಬೀಳುತ್ತಿತ್ತು. ಆ ಗಂಟಿನ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿದೆ. ಮೊದಲು ನಮ್ಮದೇ ಬಿಲ್ಡಿಂಗಿನಲ್ಲಿದ್ದು, ಈಗ ಅಬುಧಾಬಿಯ ಬನಿಯಾಸಿನ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುವ ಸುರತ್ಕಲ್ಲಿನ ಝೊಹರಾ ಕೂಡಲೇ ಫೋನ್ ಮಾಡಿದಳು.

"ಸುನೀತಕ್ಕ, ನಮ್ಮಲ್ಲಿ ಒಬ್ರು ನರ್ಸ್ ಇದ್ದಾರೆ, ಮಿಯಾಲಿ ಅಂತ. ಮಂಜಿನ ದೇಶದವ್ರು. ಹಗ್ಗ ಸಿಕ್ಕಿದ್ರೆ ಕರಡಿ ಮಾಡ್ತಾರೆ ಮಾರಾಯ್ತಿ! ನೀವು ಬನ್ನಿ."

ಮೆಟ್ರೋದಲ್ಲಿ ಇಬ್ನ್ ಬತೂತಾ ಸ್ಟೇಷನ್ ಮುಟ್ಟಲು ಒಂದು ಗಂಟೆಗೂ ಮೇಲಾಯಿತು. ಅಲ್ಲಿಂದ ಅಬುಧಾಬಿ ಬಸ್, ಇಪ್ಪತ್ತೈದು ದಿರ್ಹಂ. ಅಕ್ಟೋಬರ್ ಬಂದರೂ ಹೊರಗೆ ಮೂವತ್ತೆಂಟು ಡಿಗ್ರಿ, ಒಳಗೆ ಎಸಿಯ ಚಳಿಗೆ ಶಾಲು ಹೊದ್ದು ಕೂತೆ. ಪಕ್ಕದ ಸೀಟಿನ ಹೆಂಗಸು ನನ್ನ ಕೈಯ ದಾರವನ್ನು ನೋಡಿ ಸ್ವಲ್ಪ ಆಚೆ ಸರಿದಳು. ಸರಿಯಲಿ.

ಬಸ್ ಸ್ಟೇಷನ್ನಿಗೆ ಝೊಹರಾ ಕಾರು ತಂದಿದ್ದಳು. ಮನೆಯಲ್ಲಿ ಮೀನಾ ಬಂದರಿನ ಮೀನು ಮಾರ್ಕೆಟ್ಟಿನ ಬಂಗುಡೆ ಸಾರು, ಅಕ್ಕಿ ತರಿಯ ಪುಂಡಿ. ನಾಲ್ಕು ಗಂಟೆಗೆ ಮಿಯಾಲಿ ಬಂದರು. ಐವತ್ತರ ಆಸುಪಾಸು, ಗಿಡ್ಡ ದೇಹ, ದುಂಡು ಮುಖ, ನಗುವಾಗ ಕಣ್ಣೇ ಕಾಣದು. ಉತ್ತರ ಕೆನಡಾದ ಇನುಯಿಟ್ ಜನ. ಶಾಲೆಯಲ್ಲಿ ನಾವು ಎಸ್ಕಿಮೋ ಎಂದು ಓದಿದೆವಲ್ಲ, ಹಾಗೆ ಕರೆದರೆ ಅವರಿಗೆ ಇಷ್ಟವಿಲ್ಲ. ನಾನು ಕರೆದೇಬಿಟ್ಟೆ, ತಿದ್ದಿಸಿಕೊಂಡೆ.

ದಾರವನ್ನು ಮುಂದೆ ಚಾಚಿದರೆ ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಸೂರ್ಯ ಇದ್ದಾನೆ. ಈಗ ಆಗುವುದಿಲ್ಲ."

ಅವರ ಊರಿನಲ್ಲಿ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯನೇ ಹುಟ್ಟುವುದಿಲ್ಲವಂತೆ. ದಾರದ ಚಿತ್ರ, ಅವರ ಮಾತಿನಲ್ಲಿ ಅಯರಾಕ್, ಆ ಕತ್ತಲೆಯ ಆಟ. ಸೂರ್ಯ ಮರಳಿದ ದಿನ ದಾರಗಳನ್ನು ಎತ್ತಿಡಬೇಕು. ಇಲ್ಲದಿದ್ದರೆ ಅವನ ಕಾಲು ದಾರಕ್ಕೆ ಸಿಕ್ಕಿಕೊಳ್ಳುತ್ತದೆ ಎಂದು ಹಿರಿಯರ ಮಾತು.

ಝೊಹರಾ ಸುಮ್ಮನಿರುವವಳಲ್ಲ. "ಸಿಕ್ಕಿಹಾಕಿಕೊಳ್ಳಲಿ ಬಿಡಿ! ನಾಳೆ ಹುಟ್ಟದಿದ್ರೆ ನಮ್ಗೆ ಎಸಿ ಬಿಲ್ಲಾದ್ರೂ ಕಮ್ಮಿ."

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮಿಯಾಲಿ ನಗಲಿಲ್ಲ. "ಇಲ್ಲೇ ಸಿಕ್ಕಿಕೊಂಡು, ಇಲ್ಲೇ ಉಳಿದುಬಿಟ್ಟರೆ?"

"ಅಲ್ಲಾಹ್! ಬೇಡ ಬೇಡ, ಕಾಯುವ," ಎಂದಳು ಝೊಹರಾ.

ಹೀಗೆ ಮೂವರು ಹೆಂಗಸರು ಚಕ್ಕುಲಿ ತಿನ್ನುತ್ತ ಸೂರ್ಯ ಮುಳುಗುವುದನ್ನೇ ಕಾದೆವು. ನಿಮಗೆ ಊರಿನದು ಏನು ನೆನಪಾಗುತ್ತದೆ ಎಂದು ಮಿಯಾಲಿಯನ್ನು ಕೇಳಿದೆ. ಹಿಮ ಎನ್ನುತ್ತಾರೆ ಎಂದುಕೊಂಡಿದ್ದೆ. "ಕತ್ತಲೆ," ಎಂದರು. "ಇಲ್ಲಿ ರಾತ್ರಿಯೂ ಎಲ್ಲ ಕಡೆ ದೀಪ. ಅಲ್ಲಿ ಕತ್ತಲೆ ಇದ್ದರೆ ಎಲ್ಲರೂ ಮನೆಯಲ್ಲಿ ಇರುತ್ತಾರೆ ಎಂದು ಲೆಕ್ಕ."

ಸೂರ್ಯ ಮುಳುಗಿ ಮಗ್ರಿಬ್ ಬಾಂಗ್ ಕೇಳಿತು. ಝೊಹರಾ ನಮಾಜಿಗೆ ಎದ್ದಳು. ಅವಳು ಮುಗಿಸಿ ಬಂದ ಮೇಲೆ ಮಿಯಾಲಿ ಅಮ್ಮನ ವೀಡಿಯೋವನ್ನು ಐದಾರು ಸಲ ನೋಡಿದರು.

"ಇದು ನಮ್ಮದಲ್ಲ. ಮುಂದೇನು ಎಂದು ನನಗೆ ಗೊತ್ತಿಲ್ಲ," ಎಂದರು. ನನ್ನ ಮುಖ ಬಾಡಿದ್ದು ಕಂಡಿರಬೇಕು. "ನೀನು ಹೇಗೆ ಮಾಡುತ್ತೀ, ತೋರಿಸು."

ಹೆಬ್ಬೆರಳು, ಕಿರುಬೆರಳುಗಳ ಹಿಂದಿನಿಂದ ದಾರ ಹಾಯಿಸಿದೆ. ಎರಡೂ ಅಂಗೈಗಳಿಗೆ ಅಡ್ಡ ಒಂದೊಂದು ಎಳೆ ಬಂತು. ಎಡ ತೋರುಬೆರಳಿನಿಂದ ಬಲ ಅಂಗೈಯ ಎಳೆಯನ್ನು ಎತ್ತಿದೆನಷ್ಟೆ.

"ನಿಲ್ಲು! ನಿನ್ನ ಅಮ್ಮ ಬಲಬೆರಳಿನಿಂದ ಶುರು ಮಾಡುತ್ತಾಳೆ. ನೀನು ಎದುರಿಗೆ ಕೂತು ಕನ್ನಡಿಯ ಹಾಗೆ ಕಲಿತಿದ್ದೀ. ದಾರವನ್ನು ಎದುರಿಗೆ ಕೂತು ಯಾರು ಕಲಿಯುತ್ತಾರೆ? ಬಾ ಇಲ್ಲಿ."

ಅವರು ಗೋಡೆಗೆ ಒರಗಿ ನೆಲದ ಮೇಲೆ ಕೂತು ಕಾಲು ಅಗಲಿಸಿ ತಮ್ಮ ಮುಂದಿನ ಜಾಗ ತಟ್ಟಿದರು. ಅಲ್ಲಿ ಮಕ್ಕಳನ್ನು ಅಜ್ಜಿಯರು ಮಡಿಲಲ್ಲಿ ಕೂರಿಸಿಕೊಂಡು, ಹಿಂದಿನಿಂದ ಕೈ ತಂದು ಅವರ ಕಣ್ಣೆದುರೇ ಚಿತ್ರ ಮಾಡುತ್ತಾರಂತೆ. ಅಜ್ಜಿಯ ಬಲ ಮಗುವಿಗೂ ಬಲ. ಎಪ್ಪತ್ತೆಂಟು ಕೇಜಿಯ ನಾನು ಹೋಗಿ ಆ ಮಡಿಲಲ್ಲಿ ಕೂತೆ.

"ಯಾ ರಬ್ಬೇ, ನರ್ಸಮ್ಮನ ಸೊಂಟ ಖಲಾಸ್!" ಎಂದು ಝೊಹರಾ ಹೊಟ್ಟೆ ಹಿಡಿದುಕೊಂಡಳು.

ನಾನೂ ನಕ್ಕೆ. ಆಮೇಲೆ ಎರಡು ಕೈಗಳು ನನ್ನ ತೋಳುಗಳ ಪಕ್ಕದಿಂದ ಮುಂದೆ ಬಂದವು. ದಾರ ಬೆರಳಿನಿಂದ ಬೆರಳಿಗೆ ಹೋಯಿತು, ಹೆಬ್ಬೆರಳು ಒಂದು ಎಳೆ ಬಿಟ್ಟಿತು, ಎರಡು ಕಿವಿ ನೆಟ್ಟಗೆ ನಿಂತವು. ಮೊಲ! ನನಗೆ ನಗು ಬರಲಿಲ್ಲ. ಅಮ್ಮನ ಎದುರಿಗೆ ಫೋನಿಗೂ ಒಂದು ಜಾಗ ಇತ್ತು, ನಾನು ಕೂರಬೇಕಾದ ಜಾಗ ಮಾತ್ರ ಅವಳ ಮಡಿಲಲ್ಲಿ ಹಾಗೇ ಖಾಲಿ ಇತ್ತು ಅನ್ನಿಸಿತು.

ಏಳೂವರೆಯ ಬಸ್ಸಿಗೆ ಝೊಹರಾ ಹತ್ತಿಸಿದಳು. ಹಿಂದಿರುಗಿ ನೋಡಿದರೆ ಊರಿಡೀ ದೀಪ. ಮಿಯಾಲಿ ಹೇಳಿದ್ದು ಸುಳ್ಳಲ್ಲ. ದೀಕ್ಷಾಳಿಗೆ ವಾಯ್ಸ್ ಮೆಸೇಜ್ ಹಾಕಿದೆ: "ಅಲ್ಲ ಮಗಾ, ಅವತ್ತು ಕೊನೆಯದು ಯಾಕೆ ತೆಗೀಲಿಲ್ಲ ನೀನು?" ಆಮೇಲೆ ದಾರವನ್ನು ಬೆರಳುಗಳಿಗೆ ಹಾಕಿ ಈ ಸಲ ಬಲಬೆರಳಿನಿಂದ ಶುರು ಮಾಡಿದೆ. ಮೂರು ಸಲ ತಪ್ಪಿತು. ದುಬೈ ಹತ್ತಿರವಾದಾಗ, ಗಂಟಿಲ್ಲದೆ, ಅಮ್ಮನ ದೋಣಿ ನನ್ನ ಕೈಗಳ ನಡುವೆ ಮೂಡಿತು.

ಆಗಲೇ ಮಡಿಲಲ್ಲಿದ್ದ ಫೋನ್ ಬೆಳಗಿತು, ದೀಕ್ಷಾಳ ವಾಯ್ಸ್ ಮೆಸೇಜ್. ಕೈ ಬಿಡುವ ಹಾಗಿಲ್ಲ. ಬಗ್ಗಿ ಮೂಗಿನಿಂದ ಒತ್ತಿದೆ.

"ಚಿಕ್ಕಮ್ಮ, ನಾನು ಕಟ್ ಮಾಡಿದ್ದಲ್ಲ. ಅಜ್ಜಿಯೇ ನಿಲ್ಲಿಸಿದ್ದು. 'ಇಷ್ಟು ಸಾಕು, ಉಳಿದದ್ದು ಅವಳು ಬಂದಾಗ ಕೈ ಹಿಡಿದು ಕಲಿಸ್ತೇನೆ' ಅಂತ ಹೇಳಿದ್ರು. ನಿಮಗೆ ಬೇಜಾರಾಗ್ತದೆ ಅಂತ ನಾನು ಹೇಳ್ಲಿಲ್ಲ."

ಬಸ್ ನಿಂತಿತು. ಎಲ್ಲರೂ ಇಳಿದರು. "ಮೇಡಂ, ಖಲಾಸ್, ಲಾಸ್ಟ್ ಸ್ಟಾಪ್," ಎಂದ ಡ್ರೈವರ್.

ಇಳಿಯುವಾಗ ಬಾಗಿಲ ಬಳಿಯ ಮೆಷಿನ್ನಿಗೆ ಬಸ್ ಕಾರ್ಡ್ ಮುಟ್ಟಿಸಬೇಕು. ಪುಣ್ಯಕ್ಕೆ ಅದು ಕೊರಳ ಪಟ್ಟಿಯಲ್ಲಿ ನೇತಾಡುತ್ತಿತ್ತು. ಎರಡೂ ಕೈಗಳನ್ನು ಮೇಲೆ ಹಿಡಿದುಕೊಂಡು, ದೇವರಿಗೆ ಬಾಗುವಂತೆ ಆ ಮೆಷಿನ್ನಿಗೆ ಬಾಗಿದೆ. ಬೀಪ್ ಎಂದಿತು. ಹೊರಡದ ದೋಣಿಯನ್ನು ಹಾಗೇ ಹಿಡಿದುಕೊಂಡು ಮೆಟ್ಟಿಲು ಇಳಿದೆ.